ಎಡಗೈಯ ನೂರಾ ಇಪ್ಪತ್ನಾಲ್ಕು ರೈಟುಗಳು

೧೯೮೬ನೇ ಇಸವಿ, ಮಾರ್ಚ್ ೧೬, ಭಾನುವಾರ, ಮಧ್ಯಾಹ್ನ ೩ ಗಂಟೆ ೧೦ ನಿಮಿಷ. ಇದು ಶುರುವಾದ ಹೊತ್ತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನಾನು ದಿನಚರಿಯಲ್ಲಿ ಗಂಟೆ ನಿಮಿಷ ಸಮೇತ ಬರೆದಿಡುವವಳು. ಹೈಸ್ಕೂಲಿನಿಂದ ಅಂಟಿದ ಚಟ. ಮೈಸೂರಿನಲ್ಲಿದ್ದಾಗ ಒಂದು ವರ್ಷವಿಡೀ ನಮ್ಮ ಬೀದಿಗೆ ನಲ್ಲಿ ನೀರು ಬಂದ ಹೊತ್ತನ್ನು ಬರೆದಿಟ್ಟಿದ್ದೆ. ಅದರಿಂದ ನೀರೇನೂ ಬೇಗ ಬರಲಿಲ್ಲ.

ನಾನು ಅಮೆರಿಕದ ಫ್ರೀಮಾಂಟಿನಲ್ಲಿ ಅಕ್ಕ-ಭಾವನ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ಹೇವರ್ಡಿನಲ್ಲಿ ಓದುತ್ತಿದ್ದೆ. ವಾರಕ್ಕೆ ಮೂರು ಮಧ್ಯಾಹ್ನ ಅಲ್ಲಿಯೇ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ಕೆಲಸ. ಬೇಗ ವಾಸಿಯಾಗದ ಚರ್ಮರೋಗದವರಿಗೆ ಮುಲಾಮು ಎಷ್ಟು, ಯಾವಾಗ, ಹೇಗೆ ಹಚ್ಚಬೇಕೆಂದು ತೋರಿಸುವುದು, ಆಮೇಲೆ ಫೋನು ಮಾಡಿ "ಹಚ್ಚಿದಿರಾ?" ಎಂದು ಕೇಳುವುದು. ಔಷಧಿ ಕೊಡುವುದು ಸುಲಭ, ಅದನ್ನು ತಿಂಗಳುಗಟ್ಟಲೆ ಬಿಡದೆ ಹಚ್ಚಿಸುವುದು ಕಷ್ಟ; ಆ ಕಷ್ಟದ ಭಾಗದಲ್ಲಿ ನಾನು ನಿಪುಣೆ ಎಂದು ನನಗೆ ನಾನೇ ತೀರ್ಮಾನಿಸಿಕೊಂಡಿದ್ದೆ.

ಭಾವನ ತಾಯಿ ಧಾರವಾಡದಿಂದ ಬಂದು ಒಂದು ತಿಂಗಳಾಗಿತ್ತು. ಅಕ್ಕ ಅವರನ್ನು ಅತ್ತೆ ಎನ್ನುತ್ತಿದ್ದಳು, ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರ ಎರಡೂ ಅಂಗೈಗಳಲ್ಲಿ ಇಸಬು. ನಾಲ್ಕು ವರ್ಷದಿಂದ ಹೋಗುತ್ತದೆ, ಬರುತ್ತದೆ. ಬಂದಾಗ ಚರ್ಮ ದಪ್ಪಗಾಗಿ, ಗೆರೆಗೆರೆಯಾಗಿ ಒಡೆದು, ಬೆರಳು ಮಡಚಿದರೆ ರಕ್ತ ಜಿನುಗುತ್ತದೆ. ಅಂಟುವ ರೋಗವಲ್ಲ. ಆದರೆ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು?

ಆ ಭಾನುವಾರ ಪರಿಚಯದ ಕನ್ನಡಿಗರೊಬ್ಬರ ಮನೆಯಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ. ಅತ್ತೆಗೆ ಕೂತು ಉಣ್ಣುವುದಕ್ಕಿಂತ ಬಡಿಸುವುದು ಇಷ್ಟ. ಚಪಾತಿಯ ಬುಟ್ಟಿ ಹಿಡಿದು ಒಬ್ಬೊಬ್ಬರ ತಟ್ಟೆಗೂ ಹಾಕುತ್ತ ಬಂದರು. ಕಿಟಕಿಯ ಹತ್ತಿರ ನಿಂತಿದ್ದ ಒಬ್ಬಾಕೆ, ಬೆಂಗಳೂರಿನವರು, ಅತ್ತೆಯ ಕೈ ನೋಡಿ ತಟ್ಟೆಯನ್ನು ಎದೆಗೆ ಎಳೆದುಕೊಂಡರು.

"ಇರಲಿ ಆಂಟಿ, ನಾನೇ ಹಾಕ್ಕೋತೀನಿ."

ಅಷ್ಟೇ. ಆಕೆ ಹಾಕಿಕೊಳ್ಳಲೂ ಇಲ್ಲ. ಅತ್ತೆ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಸೋಫಾದ ಮೂಲೆಯಲ್ಲಿ ಕೂತರು. ನಾನು ಗಡಿಯಾರ ನೋಡಿದೆ. ಏನಾದರೂ ಮಾತನಾಡಬೇಕಾದಲ್ಲಿ ಗಡಿಯಾರ ನೋಡುವುದು ನನ್ನ ಸ್ವಭಾವ.

ವಾಪಸು ಬರುವಾಗ ಕಾರಿನಲ್ಲಿ ಅತ್ತೆ ಮಗನಿಗೆ ಹೇಳಿದರು: "ನೋಡಪಾ, ಆಗಸ್ಟಿನ್ಯಾಗ ನಾ ಊರಿಗೆ ಹೋಗಾಕಿ. ಹೋಗೂ ಮುಂದ ಅವರನ್ನೆಲ್ಲಾ ಮನೀಗೆ ಕರಿ. ಇದಾ ಕೈಲೆ ರೊಟ್ಟಿ ಬಡದು, ಇದಾ ಕೈಲೆ ಬಡಸ್ತೀನಿ. ಅಷ್ಟರಾಗ ಕೈ ನೆಟ್ಟಗಾಗಲಿಲ್ಲಂದ್ರ ಮಾತ್ರ ನನ್ನ ಯಾರ ಮನೀಗೂ ಕರಕೊಂಡು ಹೋಗಬ್ಯಾಡ."

"ಆಗತೈತಿ ಬಿಡಬೇ," ಎಂದ ಭಾವ.

"ನಾನಿದ್ದೀನಲ್ಲ ಅತ್ತೆ," ಎಂದೆ ನಾನು, ಹಿಂದಿನ ಸೀಟಿನಿಂದ.

ದಿನಚರಿಯಲ್ಲಿ ಆ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಈಗ ಓದಿದರೆ ಕಿವಿ ಬಿಸಿಯಾಗುತ್ತದೆ.

ಮಾರ್ಚ್ ೨೪, ಸೋಮವಾರ, ಅತ್ತೆಯನ್ನು ನಮ್ಮ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅರವತ್ತರ ಆಸುಪಾಸಿನ ಅಮೆರಿಕನ್ ಹೆಂಗಸು, ಮಾತು ಕಡಿಮೆ. ಕೈ ತಿರುವಿ ತಿರುವಿ ನೋಡಿದರು. ದಿನಕ್ಕೆ ಎರಡು ಸಲ ಮುಲಾಮು, ನೀರು ಮುಟ್ಟಿದಾಗಲೆಲ್ಲ ಒರೆಸಿ ಒಣಗಿಸಬೇಕು, ಪಾತ್ರೆ ತೊಳೆಯುವಾಗ ಕೈಗವಸು. ಇದು ಪೂರ್ತಿ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡುವ ಕಾಯಿಲೆ ಎಂದರು. ಅತ್ತೆಗೆ ಅರ್ಥವಾಗುವಂತೆ ಮನೆಯಲ್ಲಿ ವಿವರಿಸು ಎಂದು ನನಗೆ ಹೇಳಿದರು.

ವಿವರಿಸಿದೆ. ಸಂಜೆ ೬-೪೦ರಿಂದ ೭-೦೨ರವರೆಗೆ, ಇಪ್ಪತ್ತೆರಡು ನಿಮಿಷ. ಚರ್ಮದ ಪದರಗಳ ಚಿತ್ರ ಬರೆದೆ. ಕಡಲೆಕಾಳಿನಷ್ಟು ಮುಲಾಮು ತೆಗೆದು ತೋರಿಸಿದೆ. ಕೊನೆಗೆ, ಯಾರೂ ಕೇಳದಿದ್ದರೂ, ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿದ್ದ ಪದಾರ್ಥಗಳನ್ನೆಲ್ಲ ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳಿದೆ. "ಇದು ಮೇಣ ಅತ್ತೆ. ಇದು ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು, ಚರ್ಮಕ್ಕೆ ಬಹಳ ಒಳ್ಳೇದು. ಇದು..."

"ಕುರೀದಾ?" ಎಂದರು ಅತ್ತೆ.

"ಹೂಂ, ಕುರಿಯದು," ಎಂದು ಮುಂದಿನ ಪದಾರ್ಥಕ್ಕೆ ಹೋದೆ. ದಿನಚರಿಯಲ್ಲಿ ಹೀಗಿದೆ: 'ಅತ್ತೆ ಗಮನವಿಟ್ಟು ಕೇಳಿದರು. ಒಂದು ಪ್ರಶ್ನೆಯನ್ನೂ ಕೇಳಿದರು.'

ಏಪ್ರಿಲ್ ೧ರಂದು ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದೆ. ಎಡಗೈಗೆ ಒಂದು ಸಾಲು, ಬಲಗೈಗೆ ಒಂದು ಸಾಲು, ದಿನಕ್ಕೆ ಬೆಳಿಗ್ಗೆ-ಸಂಜೆ ಎರಡೆರಡು ಮನೆ. ಹಚ್ಚಿದ ಕೂಡಲೇ ಹಸಿರು ಪೆನ್ನಿನಲ್ಲಿ ರೈಟು. ತಪ್ಪಿದರೆ ಕೆಂಪು ಸೊನ್ನೆ. ಪೆನ್ನುಗಳನ್ನು ದಾರ ಕಟ್ಟಿ ತೂಗುಹಾಕಿದ್ದೆ.

ರೆಡ್‌ವುಡ್ ಸಿಟಿಯ ಆಫೀಸಿನಿಂದ ಸೇತುವೆ ದಾಟಿ ಬಂದು ಸುಸ್ತಾಗಿದ್ದ ಭಾವ, ಹಾಲು ತೆಗೆಯಲು ಹೋದವನು ಪಟ್ಟಿಯ ಮುಂದೆ ನಿಂತ. "ಏನವಾ ಮೇಡಂ, ನಾ ಹಾಲು ಕುಡದ್ರೂ ರೈಟು ಹಾಕಬೇಕೇನು?"

"ನೀವು ನಗಾಡಿ ಭಾವ. ಅತ್ತೆ ಕೈ ವಾಸಿ ಆಗ್ಲಿ, ಆಮೇಲೆ ಮಾತಾಡೋಣ."

"ಆತವಾ. ನಿನ್ನ ಪೆನ್ನು ಹಿಡದಾ ಅರ್ಧಾ ವಾಸಿ ಆಗ್ತಾಳ ನಮ್ಮವ್ವ."

ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ನಾನು ಕಾಲೇಜಿಗೆ ಹೊರಡುವಾಗ ಎರಡೂ ಸಾಲಿನಲ್ಲಿ ಹಸಿರು ರೈಟು, ಸಂಜೆ ಮನೆಗೆ ಬಂದರೆ ಮತ್ತೆ ಎರಡು. ಅದನ್ನು ನೋಡಿದಾಗ ನನ್ನ ಮುಖ ಹೇಗಾಗುತ್ತಿತ್ತೋ ನನಗೆ ಗೊತ್ತಿರಲಿಲ್ಲ, ಅತ್ತೆಗೆ ಗೊತ್ತಿತ್ತು.

ಮೇ ೫ರಂದು ಮತ್ತೆ ಕ್ಲಿನಿಕ್ಕು. ಪಟ್ಟಿಯನ್ನು ಫ್ರಿಜ್ಜಿನಿಂದ ಬಿಡಿಸಿ, ಸುರುಳಿ ಸುತ್ತಿ, ಸರ್ಟಿಫಿಕೇಟಿನ ಹಾಗೆ ಹಿಡಿದುಕೊಂಡು ಹೋದೆ. ಪ್ರತಿ ಕೈಗೂ ಅರವತ್ತೆಂಟಕ್ಕೆ ಅರವತ್ತೆಂಟು. ಡಾಕ್ಟರಮ್ಮ ಅದನ್ನು ನೋಡಿ, ಪಟ್ಟಿ ಚೆನ್ನಾಗಿದೆ, ಈಗ ಕೈ ತೋರಿಸಿ ಎಂದರು.

ಬಲಗೈ ಮೆತ್ತಗಾಗಿತ್ತು. ಒಡಕು ಎರಡೇ ಉಳಿದಿದ್ದವು. ಎಡಗೈ ಮಾರ್ಚ್‌ನಲ್ಲಿ ಹೇಗಿತ್ತೋ ಹಾಗೇ ಇತ್ತು, ಒಂದು ಹಿಡಿ ಹೆಚ್ಚೇ. ಹೆಬ್ಬೆರಳ ಬುಡದಲ್ಲಿ ಹೊಸ ಸೀಳು.

ಎಡಗೈ ಮಾಡುವ, ಬಲಗೈ ಮಾಡದ ಕೆಲಸ ಏನಿದೆ, ನೋಡು, ಎಂದರು ಡಾಕ್ಟರಮ್ಮ.

ಅವರು ಹೇಳಿದ್ದು 'ಕೇಳಿ ನೋಡು' ಎಂಬ ಅರ್ಥದಲ್ಲಿ ಇರಬಹುದು. ನಾನು ಬರೀ ನೋಡಿದೆ. ಮೇ ೧೦, ಶನಿವಾರ, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ನೋಟ್‌ಬುಕ್ಕು ಹಿಡಿದು ಕೂತೆ. ಅತ್ತೆ ಕೈ ತೊಳೆದದ್ದು ಮೂವತ್ತೊಂದು ಸಲ. ಊಟದ ಹೊತ್ತಿಗೆ ಈ ಮಹಾ ಸಂಗತಿಯನ್ನು ಪ್ರಕಟಿಸಿದೆ.

"ಮೂವತ್ತೊಂದು ಸಲ! ಅದಕ್ಕೇ ಎಡಗೈ ಹೀಗಾಗಿರೋದು."

ಭಾವ ತುತ್ತು ನಿಲ್ಲಿಸಿ ನನ್ನನ್ನು ನೋಡಿದ. "ಎಲ್ರೂ ಎರಡೂ ಕೈ ಕೂಡೇ ತೊಳಕೋತಾರವಾ. ನಿಮ್ಮ ಮೈಸೂರಾಗ ಬರೇ ಎಡಗೈ ತೊಳೀತಾರೇನು?"

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಅಕ್ಕ ನನ್ನ ಪರ ಮಾತಾಡುತ್ತಾಳೆಂದು ಕಾದೆ. ಅವಳು, "ಬದನೆಕಾಯಿ ನಂಜು ಕಣೇ, ಅದು ಬಿಡಿಸಿ ನೋಡು," ಎಂದಳು.

ನಂಜು-ಗಿಂಜು ಎಲ್ಲ ವಿಜ್ಞಾನವಲ್ಲ ಎಂದು ಅಕ್ಕನಿಗೆ ಒಂದು ಭಾಷಣ ಮಾಡಿ, ಎರಡು ದಿನ ಬಿಟ್ಟು ನಾನೇ ಬೆಳ್ಳುಳ್ಳಿಗೆ ಬಹಿಷ್ಕಾರ ಹಾಕಿದೆ. ಸುಲಿಯುವಾಗ ಎಸಳನ್ನು ಹಿಡಿಯುವುದು ಎಡಗೈ, ಅದರ ಖಾರ ತಾಗುವುದು ಎಡಗೈಗೆ. ಇದು ನನ್ನ ಸಿದ್ಧಾಂತ. ಬೆಳ್ಳುಳ್ಳಿ ತಾಗುವುದು ಬೆರಳ ತುದಿಗೆ, ಅತ್ತೆಗೆ ಒಡೆದಿದ್ದುದು ಅಂಗೈಯ ನಡುವೆ. ಇದು ಸಿದ್ಧಾಂತಕ್ಕೆ ಸರಿಹೊಂದುತ್ತಿರಲಿಲ್ಲವಾದ್ದರಿಂದ ಬರೆದುಕೊಳ್ಳಲಿಲ್ಲ. ಇಪ್ಪತ್ತೊಂದು ದಿನ ಧಾರವಾಡದವರ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ ತಿನ್ನಿಸಿದೆ. ಭಾವ ದಿನವೂ ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿ ನಿಟ್ಟುಸಿರು ಬಿಡುತ್ತಿದ್ದ. ಎಡಗೈ ಬದಲಾಗಲಿಲ್ಲ.

ಜೂನ್ ಬಂತು. ಇನ್ನು ಎರಡು ತಿಂಗಳು. ಅತ್ತೆ ಯಾರ ಮನೆಗೂ ಬರುವುದನ್ನು ಬಿಟ್ಟೇಬಿಟ್ಟಿದ್ದರು. ಗ್ರೋಸರಿಗೆ ಹೋದರೂ ಕಾರಿನಲ್ಲೇ ಕೂತಿರುತ್ತಿದ್ದರು. ಮನೆಗೆ ಯಾರಾದರೂ ಬಂದರೆ ಕೈ ಸೆರಗಿನೊಳಗೆ. ರೊಟ್ಟಿಯ ಊಟಕ್ಕೆ ಭಾವ ಆಗಸ್ಟ್ ೩, ಭಾನುವಾರ ಎಂದು ಗೊತ್ತುಮಾಡಿದಾಗ, "ಇನ್ನಾ ಯಾರಿಗೂ ಹೇಳಬ್ಯಾಡ," ಎಂದರು.

ಜೂನ್ ೨ರಂದು ಕ್ಲಿನಿಕ್ಕಿಗೆ ಹೋಗುವಾಗ ಪಟ್ಟಿಯ ಜೊತೆ ಟ್ಯೂಬನ್ನೂ ತರಲು ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದರು. ಅವರು ಟ್ಯೂಬನ್ನು ಬೆರಳಲ್ಲಿ ಒತ್ತಿ ನೋಡಿದರು. ಪಟ್ಟಿಯನ್ನು ನೋಡಿದರು. ಎಡಗೈ ಸಾಲಿನಲ್ಲಿ ನೂರಾ ಇಪ್ಪತ್ನಾಲ್ಕು ರೈಟು, ಬಲಗೈ ಸಾಲಿನಲ್ಲಿ ನೂರಾ ಇಪ್ಪತ್ನಾಲ್ಕು ರೈಟು. ಟ್ಯೂಬು ಮಾತ್ರ ಒಂದೇ ಕೈಗೆ ಹಚ್ಚಿದಷ್ಟು ಖಾಲಿಯಾಗಿತ್ತು. ಎರಡು ತಿಂಗಳು ರೈಟು ಎಣಿಸಿದವಳು ಒಮ್ಮೆಯೂ ಟ್ಯೂಬು ಎತ್ತಿ ನೋಡಿರಲಿಲ್ಲ.

ಡಾಕ್ಟರಮ್ಮ ಕುರ್ಚಿಯನ್ನು ಅತ್ತೆಯ ಎದುರಿಗೆ ಎಳೆದುಕೊಂಡು, ಈ ಔಷಧಿಯಲ್ಲಿ ನಿಮಗೆ ಕಷ್ಟವಾಗುವುದು ಯಾವುದು ಎಂದು ಅವರನ್ನೇ ಕೇಳಿದರು. ಅದನ್ನು ನಾನು ಕನ್ನಡದಲ್ಲಿ ಹೇಳಬೇಕಾಯಿತು. ನನ್ನ ಬಾಯಿಂದ ಆ ಪ್ರಶ್ನೆ ಬಂದದ್ದು ಅದೇ ಮೊದಲು.

ಅತ್ತೆ ನನ್ನನ್ನೂ ಅವರನ್ನೂ ನೋಡಿದರು. "ಇಕಿ ಮುಂದ ಹೆಂಗ ಹೇಳ್ಲಿ?"

"ಹೇಳಿ ಅತ್ತೆ. ನಾನು ಬರೀ ತರ್ಜುಮೆ ಮಾಡೋಳು."

"ಹಂಗಾದ್ರ ಹೇಳು ಆಕೀಗೆ. ಈ ಹುಡುಗಿ ಫ್ರಿಜ್ಜಿಗೆ ಹಾಳಿ ಹಚ್ಚ್ಯಾಳ. ಅದರಾಗ ರೈಟು ಕಂಡ್ರ ಕೂಸಿನಂಗ ಮಾರಿ ಅರಳಸ್ತಾಳ. ಇಲ್ಲಂದ್ರ ದಿನಾ ಪೂರಾ ಮಾರಿ ಸಣ್ಣದ ಮಾಡ್ಕೊಂಡು ಓಡ್ಯಾಡ್ತಾಳ. ಓದೂ ಹುಡುಗಿ, ಪರೀಕ್ಷಾ ಐತಿ, ಅಂತ ನಾ ಎರಡೂ ಕಡೆ ರೈಟು ಹಾಕೀನಿ. ಬಲಗೈದು ಖರೇ. ಎಡಗೈದು ಒಂದೂ ಖರೇ ಅಲ್ಲ."

ಇದನ್ನೆಲ್ಲ ನಾನು ಇಂಗ್ಲಿಷಿನಲ್ಲಿ, ನನ್ನ ಕ್ಲಿನಿಕ್ಕಿನಲ್ಲಿ, ನನ್ನ ಡಾಕ್ಟರಮ್ಮನಿಗೆ ಹೇಳಿದೆ. ಕೂಸಿನ ಹಾಗೆ ಮುಖ ಅರಳಿಸುವ ಭಾಗವನ್ನು ಬಿಡಬಹುದಿತ್ತು. ಆದರೆ ಅತ್ತೆ ನಾನು ಹೇಳುವಾಗ ನನ್ನ ತುಟಿಯನ್ನೇ ನೋಡುತ್ತಿದ್ದರು, ಬಿಟ್ಟರೆ ಗೊತ್ತಾಗುತ್ತದೆಂಬ ಭಯ.

ಎಡಗೈಗೆ ಏಕೆ ಹಚ್ಚಲಿಲ್ಲ ಎಂದು ಡಾಕ್ಟರಮ್ಮ ಕೇಳಿದರು.

ಅತ್ತೆ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು, ಅಂಗೈ ಮೇಲೆ ಮಾಡಿ, ಎದೆಯ ಮಟ್ಟಕ್ಕೆ ಹಿಡಿದರು. ಏನನ್ನೋ ಇಟ್ಟುಕೊಂಡಂತೆ ಅಂಗೈ ತುಸು ಬಟ್ಟಲಾಗಿತ್ತು.

ಆಗ ನನಗೆ ಹೊಳೆಯಿತು. ಹೊಳೆಯಲು ಎಪ್ಪತ್ತು ದಿನ ಬೇಕಾಯಿತು. ಅತ್ತೆ ದಿನಾ ಬೆಳಿಗ್ಗೆ ಐದೂವರೆಗೆ ಎದ್ದು, ಸ್ನಾನ ಮಾಡಿ, ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ ಪೂಜೆ ಮಾಡುತ್ತಾರೆ. ನಾನು ಎಂಟಕ್ಕೆ ಏಳುವವಳು. ನನ್ನ ತನಿಖೆ ಶುರುವಾಗುತ್ತಿದ್ದುದೇ ಎಂಟಕ್ಕೆ. ಇದು ಬೇರೆಯವರ ಮನೆಯ ಪದ್ಧತಿಯಾಗಿದ್ದರೆ ಕ್ಷಮಿಸಬಹುದಿತ್ತು. ನಾನೂ ಲಿಂಗಧಾರಣೆ ಆದವಳೇ. ನನ್ನದು ಬೆಳ್ಳಿಯ ಕರಡಿಗೆಯಲ್ಲಿದೆ, ಕರಡಿಗೆ ಸೂಟ್‌ಕೇಸಿನಲ್ಲಿದೆ, ಸೂಟ್‌ಕೇಸು ಮಂಚದ ಕೆಳಗಿದೆ. ಯಾವ ಕೈಯಲ್ಲಿ ಇಟ್ಟುಕೊಳ್ಳುವುದು ಎಂದು ಯಾರಾದರೂ ಕೇಳಿದ್ದರೆ ಒಂದು ಕ್ಷಣ ಯೋಚಿಸುತ್ತಿದ್ದೆನೇನೋ.

"ಕುರೀದು ಅಂತ ನೀನಾ ಹೇಳಿದೆಲ್ಲವಾ," ಎಂದರು ಅತ್ತೆ ಮೆಲ್ಲಗೆ. "ಬಲಗೈ ಸಂಸಾರದ್ದು, ಇರಲಿ. ಈ ಕೈಯಾಗ ದೇವರು ಕುಂಡ್ರತಾನ."

"ಪೂಜೆಗೆ ಮುಂಚೆ ತೊಳ್ಕೋತೀರಲ್ಲ ಅತ್ತೆ?"

"ಒಳಗ ಇಳದದ್ದು ತೊಳದ್ರ ಹೋಗತೈತೇನು? ಒಳಗ ಇಳೀತೈತಿ ಅಂತ ನೀನಾ ಚಿತ್ರಾ ತಗದು ತೋರಿಸಿದಿ."

ಇಪ್ಪತ್ತೆರಡು ನಿಮಿಷದ ಪಾಠದಲ್ಲಿ ಅವರು ಒಂದಕ್ಷರವನ್ನೂ ಕಳೆದುಕೊಂಡಿರಲಿಲ್ಲ.

ನಾನು ಡಾಕ್ಟರಮ್ಮನಿಗೆ ಲಿಂಗಪೂಜೆ, ನೀರು, ಬೂದಿ, ಕುರಿ ಎಲ್ಲವನ್ನೂ ವಿವರಿಸಿದೆ. ಅವರು ನಗಲಿಲ್ಲ, ಆಶ್ಚರ್ಯಪಡಲೂ ಇಲ್ಲ. ಕಪಾಟಿನಿಂದ ಬೇರೆ ಟ್ಯೂಬು ತಂದರು. ಅದೇ ಔಷಧಿ, ಆದರೆ ಬರೀ ವ್ಯಾಸಲೀನಿನಲ್ಲಿ ಕಲೆಸಿದ್ದು. ಅದು ನೆಲದೊಳಗಿನ ಎಣ್ಣೆಯಿಂದ ಬರುವಂಥದ್ದು, ಯಾವ ಪ್ರಾಣಿಯದೂ ಅಲ್ಲ ಎಂದು ಹೇಳು ಎಂದರು. ನೀರೂ ಬೂದಿಯೂ ಕೈಯನ್ನು ಒಣಗಿಸುತ್ತವೆ, ಆದ್ದರಿಂದ ಪೂಜೆ ಮುಗಿದ ಕೂಡಲೇ ಒರೆಸಿ ಹಚ್ಚಲಿ ಎಂದರು. ಯಾವ ಹೊತ್ತು ಅನುಕೂಲ ಎಂದು ಮತ್ತೆ ಅತ್ತೆಯನ್ನೇ ಕೇಳಿದರು.

ಅತ್ತೆ ಯೋಚಿಸಿದರು. "ಪೂಜಿ ಮುಗಿಸಿ, ನನ್ನ ಮಗಗ ಚಹಾ ಕೊಟ್ಟು, ಅವ ಕಾರು ಹೊರಗ ತಗದ ಮ್ಯಾಲ ಒಮ್ಮೆ. ಸಂಜೀಕ ಅವ ಕಾರು ತಂದು ನಿಲ್ಲಿಸಿದ ಮ್ಯಾಲ ಒಮ್ಮೆ."

ಹೊರಡುವಾಗ ಡಾಕ್ಟರಮ್ಮ ನನ್ನನ್ನು ಬದಿಗೆ ಕರೆದು, ನಿನ್ನ ಮುಖ ನೋಡಿದರೆ ಯಾರಿಗೂ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ, ಅದೇ ತೊಂದರೆ ಎಂದರು. ಹೊಗಳಿಕೆಯೋ ಬೈಗುಳವೋ ಗೊತ್ತಾಗದೆ ಹಾಗೆಯೇ ಬರೆದುಕೊಂಡಿದ್ದೇನೆ.

ಫ್ರೀವೇಯಲ್ಲಿ ಬರುವಾಗ ನನಗೆ ತಡೆಯಲಾಗಲಿಲ್ಲ. "ಅತ್ತೆ, ನೀವು ಪೂಜೆಗೆ ಕೂರೋದು ಕಂಬಳಿ ಮೇಲೆ. ಅದೂ ಕುರಿ ಉಣ್ಣೇದೇ ಅಲ್ವಾ?"

"ಕಂಬಳಿ ಕೆಳಗ ಹಾಸ್ತೀನವಾ. ಕೈಯಾಗ ಹಿಡೀತೀನೇನು?"

ಮುಂದಿನ ಎಂಟು ಮೈಲಿ ನಾನು ರಸ್ತೆ ಬದಿಯ ಬೋರ್ಡುಗಳನ್ನು ಎಣಿಸಿದೆ.

ಮನೆಗೆ ಬಂದು ಪಟ್ಟಿ ಕಿತ್ತೆ. ಭಾವನಿಗೆ ವಿಷಯ ಹೇಳಿದೆ. "ಅಂದ್ರ ನನ್ನ ಕಾರು ಈಗ ನಿನ್ನ ಗಡಿಯಾರಾ ಏನು?" ಎಂದು ಗೊಣಗಿದರೂ, ಅಂದಿನಿಂದ ಆಫೀಸಿನಿಂದ ಹೊರಡುವುದು ಸ್ವಲ್ಪ ಮುಂಚೆಯಾಯಿತು. ಸೇತುವೆಯ ಮೇಲೆ ಟ್ರಾಫಿಕ್ಕು ನಿಂತ ದಿನ ಅತ್ತೆ ಟ್ಯೂಬು ಹಿಡಿದು ಕಿಟಕಿಯಲ್ಲಿ ಕಾಯುತ್ತಿದ್ದರು. ಆ ಹೊತ್ತನ್ನು ನಾನು ಬರೆದುಕೊಳ್ಳಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಬರೆದುಕೊಂಡೆ, ಆದರೆ ಯಾರಿಗೂ ತೋರಿಸಲಿಲ್ಲ. ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ವಾಪಸು ಬಂತು. ಆ ಮೊದಲ ದಿನ ಭಾವ ಚಟ್ನಿಗೆ ಕೈ ಮುಗಿದ.

ಕ್ಲಿನಿಕ್ಕಿನಲ್ಲಿ ಫೋನಿನ ಉತ್ತರ ಬರೆದಿಡುವ ನನ್ನ ಹಳೆಯ ಪುಸ್ತಕವನ್ನೂ ತೆಗೆದು ನೋಡಿದೆ. ಎಲ್ಲರೂ ಹಚ್ಚಿದ್ದೇವೆ ಎಂದವರೇ, ಹಸಿರೇ ಹಸಿರು. ಹೇವರ್ಡಿನ ಉಗ್ರಾಣವೊಂದರಲ್ಲಿ ಪೆಟ್ಟಿಗೆ ಎತ್ತುವ ಒಬ್ಬ ಹಿರಿಯರು ಹನ್ನೊಂದು ಸಲವೂ ಹೌದು ಎಂದಿದ್ದರು, ಕೈ ಹಾಗೇ ಇತ್ತು. ಈ ಸಲ ಫೋನು ಮಾಡಿ, ಯಾವ ಹೊತ್ತಿನಲ್ಲಿ ಹಚ್ಚುವುದು ಕಷ್ಟ ಎಂದು ಕೇಳಿದೆ. ಹದಿನಾಲ್ಕು ನಿಮಿಷ ಮಾತಾಡಿದರು. ಮುಲಾಮಿನ ಕೈಯಲ್ಲಿ ಪೆಟ್ಟಿಗೆ ಜಾರಿ ಕಾಲ ಮೇಲೆ ಬೀಳುತ್ತದಂತೆ. ಅವರಿಗೆ ಹೊತ್ತು ಬದಲಾಯಿಸಿದೆವು. ಆ ಹದಿನಾಲ್ಕು ನಿಮಿಷದಲ್ಲಿ ನಾನು ಆಡಿದ್ದು ನಾಲ್ಕೈದು ಮಾತು, ಅದೂ ನನ್ನ ದಾಖಲೆಯೇ.

ಜುಲೈ ಮೂರನೇ ವಾರಕ್ಕೆ ಅತ್ತೆಯ ಎಡಗೈಯ ನಡುವಿನ ಒಡಕುಗಳು ಕೂಡಿಕೊಂಡವು. ಒಂದು ಬೆಳಿಗ್ಗೆ ನಾನೂ ಐದೂವರೆಗೆ ಎದ್ದು ಬಾಗಿಲ ಬಳಿ ನಿಂತೆ. ಪೂಜೆ ಮುಗಿಸಿ ಅತ್ತೆ ತಿರುಗಿ ನೋಡಿ, "ಯಾಕವಾ, ಇದನ್ನೂ ಎಣಸಾಕ ಬಂದೇನು?" ಎಂದರು. ಇಲ್ಲ ಎಂದೆ. ನೋಟ್‌ಬುಕ್ಕು ನಿಜವಾಗಿಯೂ ಕೈಯಲ್ಲಿರಲಿಲ್ಲ. ಹೊರಗೆ ಬಂದು, ಊರಿಂದ ತಂದಿದ್ದ ಜೋಳದ ಹಿಟ್ಟಿನ ಡಬ್ಬಿ ತೆರೆದು ಮೂಸಿ ನೋಡಿದರು. "ಕರೀರಿ ಅವರನ್ನ," ಎಂದರು.

ಆಗಸ್ಟ್ ೩. ಹೆಬ್ಬೆರಳ ಬುಡದಲ್ಲಿ ಒಂದು ಸಣ್ಣ ಸೀಳು ಇನ್ನೂ ಇತ್ತು. ಅತ್ತೆ ಅದನ್ನು ನೋಡಿಕೊಂಡು, "ಇರ್ಲಿ, ಅದೂ ಬರ್ಲಿ ಊಟಕ್ಕ," ಎಂದು ಹಿಟ್ಟು ನಾದಲು ಕೂತರು. ಅಪಾರ್ಟ್‌ಮೆಂಟಿನ ಕೆಳಗಿನವರು ರೊಟ್ಟಿ ಬಡಿಯುವ ಸದ್ದು ಕೇಳಿ ಬಾಗಿಲು ಬಡಿದರು. ಅವರಿಗೂ ಒಂದು ರೊಟ್ಟಿ ಕೊಟ್ಟು ಕಳಿಸಿದೆವು. ಒಟ್ಟು ನಲವತ್ತಮೂರು ರೊಟ್ಟಿ. ಬಂದವರೆಲ್ಲ ಅದೇ ಜನ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುಟ್ಟಿ ಹಿಡಿದು, ಎರಡೂ ಕೈ ಹೊರಗಿಟ್ಟುಕೊಂಡು ಬಡಿಸುತ್ತ ಬಂದರು. ಬೆಂಗಳೂರಿನ ಆಕೆಯ ಮುಂದೆ ಅತ್ತೆ ನಿಂತಾಗ ನನ್ನ ನಾಡಿ ಎಣಿಸುವ ಆಸೆಯನ್ನು ತಡೆದುಕೊಂಡೆ.

ಆಕೆ ತಟ್ಟೆ ಮುಂದೆ ಚಾಚಿದರು. "ಇನ್ನೊಂದು ಹಾಕಿ ಆಂಟಿ. ನಮ್ಮತ್ತೆಗೂ ಇಷ್ಟು ತೆಳ್ಳಗೆ ಬರಲ್ಲ."

ಆಕೆಗೆ ಮಾರ್ಚ್ ೧೬ ನೆನಪೇ ಇದ್ದಂತಿರಲಿಲ್ಲ. ಅತ್ತೆ ಇನ್ನೊಂದು ಹಾಕಿದರು, ಎಡಗೈಯಿಂದ ತಟ್ಟೆಯ ಅಂಚನ್ನು ಹಿಡಿದು. "ತಿನ್ನವಾ, ಹೊಟ್ಟಿ ತುಂಬ ತಿನ್ನು." ಅಡುಗೆಮನೆಗೆ ಬಂದು ನನಗೆ ಮಾತ್ರ ಕೇಳುವಂತೆ, "ಈಗ ಹಾಕವಾ ನಿನ್ನ ರೈಟು," ಎಂದರು. ಹಾಕಲು ಪಟ್ಟಿ ಇರಲಿಲ್ಲ. ಅಂಗೈ ಮೇಲೆ ಹಸಿರು ಪೆನ್ನಿನಲ್ಲಿ ಒಂದು ಹಾಕಿಕೊಂಡೆ, ನನ್ನ ಎಡ ಅಂಗೈ ಮೇಲೆ.

ಆರು ದಿನದ ನಂತರ ಅತ್ತೆ ಎರಡು ಟ್ಯೂಬು ತೆಗೆದುಕೊಂಡು ಊರಿಗೆ ಹೋದರು. ನವೆಂಬರ್ ಕೊನೆಗೆ ಪತ್ರ ಬಂತು. ಚಳಿ ಶುರುವಾಗಿದೆ, ಎಡಗೈ ಮತ್ತೆ ಒಡೆದಿದೆ, ಟ್ಯೂಬು ಮುಗಿದಿದೆ. ಅಲ್ಲಿಯ ಡಾಕ್ಟರು ಒಳ್ಳೆಯ ಮುಲಾಮನ್ನೇ ಕೊಟ್ಟಿದ್ದಾರೆ, ಆದರೆ ಅದರೊಳಗೆ ಏನಿದೆ ಎಂದು ಓದಿ ಹೇಳುವವರಿಲ್ಲ. ಹೀಗಾಗಿ ಬಲಗೈಗೆ ಮಾತ್ರ ಹಚ್ಚುತ್ತಿದ್ದಾರಂತೆ. ಕೊನೆಯ ಸಾಲು: 'ಈ ಸಲ ಯಾರಿಗೂ ಸುಳ್ಳು ರೈಟು ಹಾಕಿಲ್ಲ.' ನಾನು ಇಲ್ಲಿಂದ ಟ್ಯೂಬು ಕಳಿಸಿದ್ದೇನೆ, ಅದು ತಲುಪಲು ಎಷ್ಟು ದಿನ ಬೇಕೋ ಗೊತ್ತಿಲ್ಲ. ದಿನ ಎಣಿಸುತ್ತಿದ್ದೇನೆ, ಬೇರೇನು ಮಾಡಲಿ.

ಇದನ್ನು ಓದುತ್ತಿರುವವರನ್ನು ಒಂದು ಮಾತು ಕೇಳಬೇಕಾಗಿದೆ. ಅಂಗೈಯಲ್ಲಿ ಲಿಂಗಪೂಜೆ ಮಾಡುವ ಎಷ್ಟೋ ಹಿರಿಯರಿಗೆ ಹಿಂದೆಯೂ ಇಸಬು ಬಂದಿರಲೇಬೇಕು. ಅವರು ಎಡಗೈಗೆ ಏನು ಹಚ್ಚುತ್ತಿದ್ದರು, ನೀರು ಮತ್ತು ವಿಭೂತಿಯ ವಿಷಯದಲ್ಲಿ ಏನು ಮಾಡಿಕೊಳ್ಳುತ್ತಿದ್ದರು? ಧಾರವಾಡದ ಕಡೆ ಪ್ರಾಣಿಯ ಜಿಡ್ಡಿಲ್ಲದ ಮುಲಾಮು ಯಾವ ಹೆಸರಿನಲ್ಲಿ ಸಿಗುತ್ತದೆ? ಮನೆಯ ಹಿರಿಯರನ್ನು ಕೇಳಿ, ಬಲ್ಲವರು ದಯವಿಟ್ಟು ಎರಡು ಸಾಲು ಬರೆದು ತಿಳಿಸಿ. ಬಂದ ಪತ್ರಗಳನ್ನೆಲ್ಲ ಅತ್ತೆಗೆ ಕಳಿಸುತ್ತೇನೆ. ಎಷ್ಟು ಬಂದವು ಎಂದು ಮಾತ್ರ ಎಣಿಸಿಟ್ಟುಕೊಳ್ಳುತ್ತೇನೆ, ಅದಕ್ಕೆ ಯಾರೂ ಬೇಸರಪಡಬಾರದು.